ಕೃಷ್ಣೆಯ ದಂಡೆಯ ಖಿದ್ರಾಪುರ

ಪುಣೆಯ ಕನ್ನಡಿಗರು ಕೊಲ್ಲಾಪುರಕ್ಕೆ ಹೋದರೆ ಅಂಬಾಬಾಯಿಯ ದರ್ಶನ ಮಾಡಿ, ನರಸೋಬಾನ ವಾಡಿಯಲ್ಲಿ ಕೈಮುಗಿದು ಮರಳುವುದು ವಾಡಿಕೆ. ನಾವೂ ಎಷ್ಟೋ ವರ್ಷ ಹಾಗೆಯೇ ಮಾಡಿದೆವು. ಕಳೆದ ಕಾರ್ತೀಕದಲ್ಲಿ ಮಾತ್ರ ವಾಡಿಯಿಂದ ಮುಂದೆ ಕುರುಂದವಾಡದ ಮೇಲೆ ಹಾಯ್ದು, ಕಬ್ಬಿನ ಹೊಲಗಳ ನಡುವೆ ಖಿದ್ರಾಪುರಕ್ಕೆ ಹೋದೆವು. ಶಿರೋಳ ತಾಲೂಕಿನ ಈ ಪುಟ್ಟ ಹಳ್ಳಿ ಮಹಾರಾಷ್ಟ್ರದ ಅಂಚಿನಲ್ಲಿದೆ. ಕೃಷ್ಣೆಯ ಆಚೆಯ ದಂಡೆ ಕರ್ನಾಟಕ.

ಊರಿನ ಹಳೆಯ ಹೆಸರು ಕೊಪ್ಪ. 1054ರಲ್ಲಿ ಚಾಲುಕ್ಯ ಸೋಮೇಶ್ವರನೊಡನೆ ಕಾದುತ್ತ ಚೋಳ ರಾಜಾಧಿರಾಜನು ಆನೆಯ ಮೇಲೆಯೇ ಮಡಿದ ಕೊಪ್ಪಂ ಇದೇ ಎಂದು ಕೆಲವು ವಿದ್ವಾಂಸರು ಹೇಳಿದರೆ, ಅಲ್ಲ, ಅದು ಕೊಪ್ಪಳವೆಂದು ಮತ್ತೆ ಕೆಲವರು. ಆ ವಾದ ಅವರಿಗೇ ಇರಲಿ. ನಾವು ನೋಡಲು ಹೋದದ್ದು ಶಿಲಾಹಾರರ ಕಾಲದ ಕೋಪೇಶ್ವರ ದೇವಾಲಯ. ಮುಂದಿನ ಸ್ವರ್ಗಮಂಟಪಕ್ಕೆ ನಡುವೆ ಮಾಳಿಗೆಯೇ ಇಲ್ಲ! ಕಂಬಗಳ ಮೇಲೆ ದುಂಡನೆಯ ಬಯಲು, ಅದರ ನೇರ ಕೆಳಗೆ ದುಂಡನೆಯ ಕಲ್ಲುಹಾಸು. ಬಿ.ಎ. ಓದುವಾಗ ಚಿತ್ರದಲ್ಲಿ ಕಂಡ ರೋಮಿನ ಪ್ಯಾಂಥಿಯನ್ ನೆನಪಾಯಿತು.

ಶಿವಾಲಯದಲ್ಲಿ ನಂದಿ ಎಲ್ಲಿ ಎಂದು ಹುಡುಕುತ್ತಿದ್ದಾಗ, ಮೊಮ್ಮಗಳೊಡನೆ ಬಂದಿದ್ದ ಒಬ್ಬ ಅಜ್ಜಿ ನಮ್ಮ ಕನ್ನಡ ಕೇಳಿ ಹತ್ತಿರ ಬಂದರು. "ಬಸವಣ್ಣ ಇಲ್ಲಿಲ್ರಿ ಯವ್ವಾ. ಸತಿದೇವಿನ್ನ ದಕ್ಷನ ಯಜ್ಞಕ್ಕ ಕರಕೊಂಡು ಹ್ವಾದಂವ ಆಚಿ ದಂಡ್ಯಾಗ ಯಡೂರಾಗ ಉಳದ. ಇಲ್ಲಿ ಶಿವಪ್ಪ ಸಿಟ್ಟಾಗಿ ಕುಂತ, ಸಮಾಧಾನ ಮಾಡಾಕ ವಿಷ್ಣು ಬಂದ." ನಿಜ, ಗರ್ಭಗುಡಿಯಲ್ಲಿ ಇಬ್ಬರೂ ಇದ್ದಾರೆ. ಅಜ್ಜಿಯ ತವರೂ ಆಚೆಯ ದಂಡೆಯ ಜುಗೂಳ. ಮದುವೆಯಾಗಿ ದೋಣಿಯಲ್ಲಿ ಬಂದವರಂತೆ.

ಇಲ್ಲಿನ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. ದಕ್ಷಿಣದ ಬಾಗಿಲ ಬಳಿಯ ಯಾದವ ಸಿಂಘಣನ ಶಾಸನ ಮಾತ್ರ ದೇವನಾಗರಿಯಲ್ಲಿ ಬರೆದ ಸಂಸ್ಕೃತ. ಮರಾಠಿ ಶಾಲೆಗೆ ಹೋಗುವ ಮೊಮ್ಮಗಳು ಆ ನಾಗರಿ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದತೊಡಗಿದಳು. ಕನ್ನಡದ ಕಲ್ಲನ್ನು ತೋರಿಸಿದಾಗ ಅಜ್ಜಿಯ ಮುಖ ನೋಡಿದಳು. "ಮಾತು ನಮ್ಮದ ಐತ್ರಿ, ಅಕ್ಷರ ನಮಗ ಬರೂದಿಲ್ಲ" ಎಂದರು ಅಜ್ಜಿ. ನೀವು ಓದಿ ಹೇಳಿ ಎಂದು ನನ್ನ ಕಡೆಗೆ ತಿರುಗಿದರು. ಹಳಗನ್ನಡದ ಆ ಲಿಪಿಯಲ್ಲಿ ನಾಲ್ಕು ಅಕ್ಷರ ಗುರುತಿಸುವಷ್ಟರಲ್ಲಿ ನನಗೆ ಬೆವರು ಬಂತು. ಪುಣೆಯಲ್ಲಿ ನನ್ನ ಮೊಮ್ಮಕ್ಕಳಿಗಾದರೋ ಇಂದಿನ ಅಕ್ಷರವೇ ಬಾರದು. ಹೇಳಿಕೊಳ್ಳಲು ನಾಚಿಕೆ, ಆದರೆ ನಮ್ಮ ಸಂಘದ ಎಷ್ಟು ಮನೆಗಳಲ್ಲಿ ಬೇರೆ ಕಥೆ ಇದೆ?

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ಆಲಮಟ್ಟಿಯಲ್ಲಿ ನೀರು ತಡೆದದ್ದೇ ಕಾರಣವೆಂದು ಈಚೆಯವರು, ಕೊಯ್ನೆಯಿಂದ ಬಿಟ್ಟದ್ದೇ ಕಾರಣವೆಂದು ಆಚೆಯವರು ಜಗಳವಾಡಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೆವಷ್ಟೆ. ಅಜ್ಜಿಯನ್ನು ಕೇಳಿದೆ.

"ಹೊಳಿ ಬಂದಾಗ ನಮ್ಮ ಮನ್ಯಾಗೂ ನೀರು, ನಮ್ಮಣ್ಣನ ಮನ್ಯಾಗೂ ನೀರು. ಯಾರ ಜೋಡಿ ಜಗಳಾಡೂದ್ರಿ?" ಎನ್ನುತ್ತ ಮೊಮ್ಮಗಳ ಕೈಹಿಡಿದು, ಚಹಾ ಕುಡಿದೇ ಹೋಗಬೇಕೆಂದು ನಮ್ಮನ್ನು ಮನೆಗೆ ಕರೆದೊಯ್ದರು.