ಬದುವಿನ ಹೊಂಗೆ ತೋಟಕ್ಕೆ ಶತ್ರುವೇ?

ಬದುವಿನ ಮೇಲೆ ಮರವಿದ್ದರೆ ಎರಡು ಸಾಲು ಬೆಳೆ ಹೋದಂತೆಯೇ ಎನ್ನುವ ರೈತರು ಪ್ರತಿ ಊರಿನಲ್ಲೂ ಇದ್ದಾರೆ. ಮಾತು ಸುಳ್ಳಲ್ಲ. ಮರದ ಹತ್ತಿರದ ಬದನೆ, ಮೆಣಸಿನ ಗಿಡಗಳು ಸೊರಗುವುದನ್ನು ನೀವೂ ಕಂಡಿದ್ದೀರಿ. ಆದರೆ ಕೊಡಲಿ ಎತ್ತುವ ಮುನ್ನ ಲೆಕ್ಕ ಹಾಕಿ ನೋಡಿ.

ಹೊಂಗೆ ಗಿಡಗಳಿಂದ ಕಸಿಯುವುದು ಮುಖ್ಯವಾಗಿ ಬಿಸಿಲು ಮತ್ತು ನೀರು. ಎರಡಕ್ಕೂ ಉಪಾಯವುಂಟು. ನಮ್ಮ ಸೀಮೆಯಲ್ಲಿ ವರ್ಷದ ಹೆಚ್ಚು ಕಾಲ ನಡುಹಗಲಿನ ನೆರಳು ಉತ್ತರಕ್ಕೆ ಬೀಳುತ್ತದೆ. ಆದ್ದರಿಂದ ತರಕಾರಿ ಮಡಿಗಳ ಉತ್ತರದ ಬದುವಿನಲ್ಲಿ ಹೊಂಗೆ ನೆಡಿ. ಆಚೆಗೆ ನೆರೆಯವರ ಹೊಲವಿದ್ದರೆ ಮೊದಲು ಅವರೊಡನೆ ಮಾತನಾಡಿ; ನೆರಳಿನ ಜಗಳ ಬೇಡ.

ಬೆಳೆದ ಮರವಾದರೆ ಕಾಂಡದಿಂದ 5–6 ಅಡಿ ಬಿಟ್ಟು, ಮಡಿಯ ಕಡೆಗೆ ಮಾತ್ರ 1 ಅಡಿ ಅಗಲ, 2–3 ಅಡಿ ಆಳದ ಕಾಲುವೆ ತೋಡಿ ಪಕ್ಕದ ಬೇರುಗಳನ್ನು ಕಡಿಯಿರಿ. ಬೇರಿನಿಂದ ಮರಿ ಒಡೆಯುವುದು ಹೊಂಗೆಯ ಗುಣ. ಮಡಿಯಲ್ಲಿ ಕಂಡೊಡನೆ ಕಿತ್ತುಹಾಕಿ.

ಇನ್ನು ಹೊಂಗೆ ಕೊಡುವುದನ್ನು ನೋಡಿ. ಇದು ದ್ವಿದಳ ಜಾತಿಯ ಮರ. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆ. ಬಿತ್ತನೆಗೆ ಮುಂಚೆ ರೆಂಬೆ ಸವರಿದರೆ ನೆರಳು ತಗ್ಗುತ್ತದೆ, ಹಸಿರೆಲೆ ಗೊಬ್ಬರವೂ ದೊರೆಯುತ್ತದೆ. ಬೀಜದಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯೂ ಒಳ್ಳೆಯ ಗೊಬ್ಬರ.

ಹುಣಸೆಯನ್ನು ಮಾತ್ರ ಮಡಿಗಳಿಂದ ದೂರವಿಡಿ. ಅದರ ದಟ್ಟ ನೆರಳಿನಲ್ಲಿ ತರಕಾರಿ ಏಳದು.

ಮಳೆ ಕೈಕೊಟ್ಟ ವರ್ಷವೂ ಹೊಂಗೆ ಹಸಿರಾಗಿ ನಿಲ್ಲುತ್ತದೆ. ಈ ಮುಂಗಾರಿಗೆ ಉತ್ತರದ ಬದುವಿನಲ್ಲಿ ನಾಲ್ಕು ಸಸಿ ನೆಟ್ಟು ನೋಡಿ. ಗೊಬ್ಬರದ ಖರ್ಚಿನಲ್ಲಿ ಒಂದಿಷ್ಟು ನಿಮ್ಮ ಬದುವಿನಲ್ಲೇ ಉಳಿದೀತು.