ಮೀಟರ್ ಹೇಳಿದ್ದೆಷ್ಟು, ಟ್ಯಾಂಕಿಗೆ ಬಂದದ್ದೆಷ್ಟು?

ಗೋಕಾಕ ಅಂದ್ರೆ ಎಲ್ಲರಿಗೂ ಕರದಂಟು, ಫಾಲ್ಸ್ ನೆನಪಾಗುತ್ತೆ. ಅಲ್ಲಿ ಘಟಪ್ರಭಾ 52 ಮೀಟರ್ ಕೆಳಗೆ ಧುಮುಕುತ್ತಾಳೆ. ಅದಕ್ಕೂ ಮೇಲೆ, ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಡ್ಯಾಮ್‌ನಲ್ಲಿ ಸುಮಾರು 51 ಟಿಎಂಸಿ ನೀರು ಹಿಡಿಯುತ್ತದೆ. ಒಂದು ಟಿಎಂಸಿ ಅಂದ್ರೆ ಸುಮಾರು 2,832 ಕೋಟಿ ಲೀಟರ್! ಆದ್ರೆ ಮೂಡಲಗಿ ಕಡೆಯ ಒಂದು ಹಳ್ಳಿಗೆ ಇವತ್ತು ಕುಡಿಯೋಕೆ ಎಷ್ಟು ನೀರು ಬಂತು ಅಂತ ಡ್ಯಾಮ್ ನೋಡಿದ್ರೆ ಗೊತ್ತಾಗಲ್ಲ. ಅದನ್ನು ಹೇಳೋದು ಪೈಪ್ ನಡುವೆ ಕೂತಿರೋ ಎಲೆಕ್ಟ್ರಾನಿಕ್ ಫ್ಲೋ ಮೀಟರ್. ಅದು ಸುಳ್ಳು ಹೇಳಿದ್ರೆ?

ಮೊದಲು ಕೆಲಸ ಹೇಗೆ ಅಂತ ನೋಡೋಣ. ಕುಡಿಯುವ ನೀರಿಗೆ ಹೆಚ್ಚಾಗಿ ಬಳಸೋದು ಎಲೆಕ್ಟ್ರೋಮ್ಯಾಗ್ನೆಟಿಕ್ ಮೀಟರ್. 1831ರ ಫ್ಯಾರಡೆ ನಿಯಮವೇ ಇದರ ಜೀವ. ಕಾಯಿಲ್‌ಗಳು ಪೈಪಿಗೆ ಅಡ್ಡಲಾಗಿ ಕಾಂತಕ್ಷೇತ್ರ ಕೊಡುತ್ತವೆ. ಅದರೊಳಗೆ ಹರಿಯೋ ನೀರೇ ವಾಹಕ. ಎರಡು ಎಲೆಕ್ಟ್ರೋಡ್‌ಗಳ ನಡುವೆ ಹುಟ್ಟೋ ಸಣ್ಣ ವೋಲ್ಟೇಜ್ ನೀರಿನ ವೇಗಕ್ಕೆ ತಕ್ಕಂತೆ ಏರಿಳಿಯುತ್ತದೆ. ವೇಗವನ್ನು ಪೈಪಿನ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದರೆ ಹರಿವು ಸಿಗುತ್ತದೆ. 150 ಮಿ.ಮೀ. ಪೈಪಿನಲ್ಲಿ ಸೆಕೆಂಡಿಗೆ 0.94 ಮೀಟರ್ ವೇಗ ಇದ್ರೆ ಗಂಟೆಗೆ ಸುಮಾರು 60 ಸಾವಿರ ಲೀಟರ್.

ಇಲ್ಲೇ ಒಂದು ಪೇಚಿದೆ. ಮೀಟರ್‌ಗೆ ವೇಗ ಮಾತ್ರ ಗೊತ್ತು. ಪೈಪ್ ತುಂಬಿದೆ ಅಂತ ಅದು ನಂಬಿಕೊಂಡಿರುತ್ತೆ. ಅರ್ಧ ಪೈಪ್ ಗಾಳಿ ಇದ್ರೂ ತುಂಬಿದ ಲೆಕ್ಕವನ್ನೇ ಕೊಡಬಹುದು. ಅದಕ್ಕೇ ನೀರು ಮೇಲಕ್ಕೆ ಏರುವ ಜಾಗದಲ್ಲಿ ಕೂರಿಸೋದು ಒಳ್ಳೇದು. ಬೆಂಡ್, ವಾಲ್ವ್ ಪಕ್ಕದಲ್ಲೇ ಇದ್ರೆ ನೀರು ಸುಳಿ ತಿರುಗುತ್ತೆ. ಸಾಮಾನ್ಯವಾಗಿ ಮೀಟರಿನ ಹಿಂದೆ ಪೈಪ್ ವ್ಯಾಸದ 5 ಪಟ್ಟು, ಮುಂದೆ 3 ಪಟ್ಟು ನೇರ ಪೈಪ್ ಬಿಡ್ತಾರೆ. ಪಿವಿಸಿ ಪೈಪ್ ಆದ್ರೆ ಅರ್ಥಿಂಗ್ ರಿಂಗ್ ಹಾಕಲೇಬೇಕು, ಇಲ್ಲಾಂದ್ರೆ ಓದು ಕುಣಿಯುತ್ತೆ.

ಈಗ ಪರೀಕ್ಷೆ. ಮೊದಲನೆಯದು ಸೊನ್ನೆ: ಪೈಪ್ ತುಂಬಿರಲಿ, ವಾಲ್ವ್ ಪೂರ್ತಿ ಮುಚ್ಚಿ, ನೀರು ನಿಶ್ಚಲವಾಗಲಿ. ಆಗ ಓದು ಸೊನ್ನೆ ಇರಬೇಕು. ಖಾಲಿ ಪೈಪಿನಲ್ಲಿ ಸೊನ್ನೆ ಒತ್ತಿದ್ರೆ ತಪ್ಪನ್ನೇ ಸೇವ್ ಮಾಡಿದ ಹಾಗೆ.

ಎರಡನೆಯದು ಟ್ಯಾಂಕ್. 3 ಮೀಟರ್ ಉದ್ದ, 3 ಮೀಟರ್ ಅಗಲದ ಸಂಪ್ ಇದೆ ಅಂದುಕೊಳ್ಳಿ. ಹೊರಹೋಗುವ ವಾಲ್ವ್ ಮುಚ್ಚಿ ನೀರನ್ನು 1 ಮೀಟರ್ ಏರಿಸಿದರೆ 9,000 ಲೀಟರ್. ಮೀಟರ್ 9,360 ತೋರಿಸಿದರೆ 4% ಜಾಸ್ತಿ ಹೇಳುತ್ತಿದೆ. ಕಡಿಮೆ, ಮಧ್ಯಮ, ಹೆಚ್ಚು ಹರಿವಿನಲ್ಲಿ ಮೂರು ಮೂರು ಸಲ ಮಾಡಿ. ಎಲ್ಲ ಕಡೆ ಅದೇ 4% ಬಂದರೆ, ಓದನ್ನು ಗುಣಿಸುವ ಫ್ಯಾಕ್ಟರ್ ತಿದ್ದಬಹುದು: ಹಳೆಯದು 1.200 ಇದ್ದರೆ, ಹೊಸದು 1.200 × 9,000 ÷ 9,360 = 1.154. ತಪ್ಪು ಒಂದೊಂದು ಹರಿವಿಗೆ ಒಂದೊಂದು ಥರ ಇದ್ರೆ ಫ್ಯಾಕ್ಟರ್ ಮುಟ್ಟಬೇಡಿ. ಸೊನ್ನೆ, ಗಾಳಿ, ಅರ್ಥಿಂಗ್ ನೋಡಿ.

ಒಂದು ಮಿತಿಯೂ ಇದೆ. 1 ಮೀಟರ್ ಏರಿಕೆಯಲ್ಲಿ ಅಳತೆಪಟ್ಟಿ 1 ಸೆ.ಮೀ. ತಪ್ಪಿದರೆ ಅಲ್ಲೇ 1% ಹೋಯ್ತು. ಅದಕ್ಕಿಂತ ನಿಖರತೆ ಬೇಕಂದ್ರೆ ಕೇರಳದ ಪಾಲಕ್ಕಾಡಿನ ಎಫ್‌ಸಿಆರ್‌ಐನಂಥ ಪ್ರಯೋಗಾಲಯಕ್ಕೇ ಕಳಿಸಬೇಕು.

ಬರೀ 4% ತಾನೇ ಅಂತೀರಾ? ಮೀಟರ್ ದಿನಕ್ಕೆ 6 ಲಕ್ಷ ಲೀಟರ್ ಅಂತ ತೋರಿಸಿದ್ರೆ, ಬಂದದ್ದು ಸುಮಾರು 5 ಲಕ್ಷ 77 ಸಾವಿರ. ಜಲ ಜೀವನ್ ಮಿಷನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಅಂದ್ರೆ ಸುಮಾರು 420 ಜನರ ನೀರು ರಿಜಿಸ್ಟರ್‌ನಲ್ಲಿ ಇದೆ, ನಲ್ಲಿಯಲ್ಲಿ ಇಲ್ಲ. ಆ ಊರಿನವರು ನೀರು ಸಾಲ್ತಿಲ್ಲ ಅಂದಾಗ, ಮೀಟರ್ ತೋರಿಸಿ ಅವರ ಬಾಯಿ ಮುಚ್ಚಿಸೋದು ಸುಲಭ.

ರಜೆಗೆ ಊರಿಗೆ ಹೋದಾಗ ಪಂಪ್‌ಹೌಸ್ ಕಡೆ ಹೋಗಿ, ಆಪರೇಟರ್ ಅಣ್ಣಾರನ್ನ ಒಂದು ಮಾತು ಕೇಳೋಣ: "ಅಣ್ಣಾರ, ಟ್ಯಾಂಕ್ ಅಳೆದು ಈ ಮೀಟರ್ ನೋಡಿದ್ದು ಯಾವಾಗ್ರೀ?"