ಹಾವು ಕಚ್ಚಿದವರನ್ನು ನರ್ಸ್ 20 ನಿಮಿಷ ಕಾಯಿಸುವುದೇಕೆ?

ಮಳವಳ್ಳಿ ಕಡೆಯ ಕಬ್ಬಿನ ಗದ್ದೆಯಲ್ಲಿ ಯಾರಿಗೋ ಹಾವು ಕಚ್ಚಿದೆ ಎಂದುಕೊಳ್ಳಿ. ಆಸ್ಪತ್ರೆಗೆ ತಂದೊಡನೆ ಸಿಸ್ಟರ್ ರಕ್ತ ತೆಗೆದು, ಗಾಜಿನ ಕೊಳವೆಗೆ ಹಾಕಿ ಸುಮ್ಮನೆ ಇಟ್ಟುಬಿಡುತ್ತಾರೆ. 'ಇಂಜೆಕ್ಷನ್ ಕೊಡದೆ ಟೈಮ್ ವೇಸ್ಟ್ ಮಾಡ್ತಾರೆ' ಎಂದು ಮನೆಯವರು ನಾಟಿ ಔಷಧಿಗೆ ಹೊರಟರೆ ಜೀವಕ್ಕೇ ಅಪಾಯ.

ಆ ಕೊಳವೆಯೇ ಪರೀಕ್ಷೆ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಸುಮಾರು 2 ಮಿ.ಲೀ. ರಕ್ತವನ್ನು 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಬಗ್ಗಿಸಿ ನೋಡುತ್ತಾರೆ. ನೀರಿನಂತೆ ಹರಿದರೆ ವಿಷ ಏರಿದೆ ಎಂದರ್ಥ. ಕೊಳವೆ ಗಾಜಿನದೇ ಆಗಿರಬೇಕು, ಒಣಗಿರಬೇಕು. ಪ್ಲಾಸ್ಟಿಕ್ ಆದರೆ, ಸೋಪಿನಲ್ಲಿ ತೊಳೆದಿದ್ದರೆ ಫಲಿತಾಂಶ ಕೆಡುತ್ತದೆ. ನರ್ಸಿಂಗ್ ಪರೀಕ್ಷೆಗೆ ಓದುವವರು ನೆನಪಿಡಬೇಕಾದ್ದು ಇದನ್ನೇ.

ನೇರವಾಗಿ ಇಂಜೆಕ್ಷನ್ ಕೊಟ್ಟರಾಗದೇ? ಕಚ್ಚಿದ ಹಾವೆಲ್ಲ ವಿಷ ಬಿಡುವುದಿಲ್ಲ. ಕುದುರೆಯ ರಕ್ತದಿಂದ ತಯಾರಾಗುವ ಈ ಔಷಧಿಯಿಂದ ಕೆಲವರಿಗೆ ತೀವ್ರ ಅಲರ್ಜಿಯಾಗುತ್ತದೆ. ಆದರೆ ನಾಗರಹಾವು, ಕಟ್ಟುಹಾವಿನ ವಿಷ ನರಗಳಿಗೆ ಏರುತ್ತದೆ. ರಕ್ತ ಹೆಪ್ಪುಗಟ್ಟಿದರೂ ರೆಪ್ಪೆ ಜೋತುಬಿದ್ದರೆ, ಉಸಿರು ಕಟ್ಟಿದರೆ ಕೊಳವೆಗೆ ಕಾಯುವ ಮಾತೇ ಇಲ್ಲ.

ಇನ್ನು 'ಬ್ಲೇಡಿನಿಂದ ಕೊಯ್ದು ವಿಷ ಹೀರಿ' ಎನ್ನುವ ಫಾರ್ವರ್ಡ್ ಪೂರ್ತಿ ತಪ್ಪು. ಹೆಪ್ಪುಗಟ್ಟದ ರಕ್ತ ಕೊಯ್ದ ಗಾಯದಿಂದ ಹರಿಯುತ್ತಲೇ ಇರುತ್ತದೆ! ಉಂಗುರ, ಬಳೆ, ಕಾಲುಂಗುರ ತೆಗೆಯಿರಿ, ಕಚ್ಚಿದ ಕೈಕಾಲು ಅಲುಗಾಡಿಸಬೇಡಿ, 108ಕ್ಕೆ ಕರೆ ಮಾಡಿ. ಯಾರಾದರೂ ಈಗಾಗಲೇ ಹಗ್ಗ ಬಿಗಿದಿದ್ದರೆ ದಾರಿಯಲ್ಲಿ ಬಿಚ್ಚಬೇಡಿ, ಅದನ್ನು ಡಾಕ್ಟರ ಎದುರಿಗೇ ಬಿಚ್ಚಬೇಕು. ಎಷ್ಟು ಹೊತ್ತಿಗೆ ಕಚ್ಚಿತು ಎಂಬುದನ್ನು ಸಿಸ್ಟರ್‌ಗೆ ತಪ್ಪದೆ ಹೇಳಿ.